ಕಾಗದದ ದೇಶಕ್ಕೆ ಹನ್ನೆರಡು ವಿಮಾನ

ನಾನು ಐದಕ್ಕೆ ಏಳುತ್ತೇನೆ. ಐದೂಕಾಲಿಗೆ ಕ್ಷೌರ, ಆರಕ್ಕೆ ಕಾಫಿ, ಆರೂವರೆಗೆ ವಾಕಿಂಗ್. ವಾಯುಪಡೆಯಲ್ಲಿ ಯುದ್ಧವಿಮಾನದ ಎಂಜಿನ್ ಬಿಚ್ಚಿ ಕಟ್ಟುತ್ತ ಕಲಿತ ಶಿಸ್ತು ಅದು; ನಿವೃತ್ತನಾಗಿ ಅವಲಪಲ್ಲಿಯಲ್ಲಿ ಮನೆ ಕಟ್ಟಿದ ಮೇಲೂ ಬಿಟ್ಟಿಲ್ಲ. ಒಂದು ದಿನ ಆ ಕಾಫಿಯ ಹೊತ್ತಿಗೆ ಒಂಬತ್ತನೇ ತರಗತಿಯ ಮೊಮ್ಮಗಳು ಕಾಗದದ ಕಟ್ಟು ಹಿಡಿದು ಎದುರು ಕೂತಳು.

ಶಾಲೆಯಲ್ಲಿ ಸ್ಪರ್ಧೆ. ಪ್ರತಿ ತಂಡಕ್ಕೂ ಒಂದು ಕಲ್ಪನೆಯ ಬಡ ದೇಶ, ಕೈಯಲ್ಲಿ ಇಂತಿಷ್ಟೇ ಹಣ. ಅದರಲ್ಲಿ ಯುದ್ಧವಿಮಾನ ಆರಿಸಿ, ತೀರ್ಪುಗಾರರ ಮುಂದೆ ಸಮರ್ಥಿಸಬೇಕು. ತಂಡದ ಪರ ಮಾತಾಡುವವಳು ಇವಳೇ; ಹಿಂದಿನ ವರ್ಷ ವೇದಿಕೆಯಲ್ಲಿ ಮಾತು ಮರೆತು ಅಳುತ್ತ ಇಳಿದಿದ್ದಳು.

"ಈ ಸಲ ಅಳಲ್ಲ ತಾತ" ಎಂದು, ತಾನು ಆರಿಸಿದ್ದನ್ನು ತೋರಿಸಿದಳು. ಎರಡು ಎಂಜಿನ್ನಿನ ಸುಂದರ ವಿಮಾನ, ಎಂಟು. ಹಣ ಪೂರ್ತಿ ಖಾಲಿ.

"ಇಂಧನಕ್ಕೆ?"

"ಅದೂ ನಾವೇ ಹಾಕ್ಬೇಕಾ?"

ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜೂಜುವಾಡಿಗೆ ಹೋದೆ. ಅಲ್ಲಿ ನನ್ನ ಗೆಳೆಯನ ಲಾರಿ ಶೆಡ್ಡಿದೆ.

"ಏನ್ಲಾ ಮಿಲ್ಟ್ರಿ, ಮೊಮ್ಮಗಳಿಗೆ ಲಾರಿ ಕೊಡುಸ್ತೀಯಾ?"

"ಯುದ್ಧವಿಮಾನ ಕಣ್ಲಾ."

ಅವನು ಹುಬ್ಬೂ ಏರಿಸಲಿಲ್ಲ. "ಎಷ್ಟು ಕೊಂಡೆ ಅನ್ನೋದು ದೊಡ್ಡದಲ್ಲ ಕಣವ್ವ. ಬೆಳಿಗ್ಗೆ ಎಷ್ಟು ಗೇಟ್ ದಾಟ್ತವೆ, ಅದೇ ಲೆಕ್ಕ. ಆ ಕೆಂಪು ಲಾರಿ ನೋಡು, ಮದುವೆ ಗಂಡಿನಂಗೆ ನಿಂತದೆ. ಗೇರ್‌ಬಾಕ್ಸ್ ಎಲ್ಲೂ ಸಿಗ್ತಿಲ್ಲ. ಅದರ ಬ್ಯಾಟರಿ, ಕನ್ನಡಿ ಎಲ್ಲಾ ಕಿತ್ತು ಬೇರೆ ಗಾಡಿಗೆ ಹಾಕ್ಬುಟ್ವಿ."

ನಮ್ಮ ಹ್ಯಾಂಗರಿನಲ್ಲೂ ಹೀಗೇ ಮಾಡುತ್ತಿದ್ದೆವು. ಒಂದನ್ನು ಹಾರಿಸಲು ಇನ್ನೊಂದರ ಭಾಗ ಕಿತ್ತರೆ, ಆ ಇನ್ನೊಂದು ತಿಂಗಳುಗಟ್ಟಲೆ ನೆಲ ಬಿಟ್ಟು ಏಳುತ್ತಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಹೇಳಿದೆ. ಅವಳು ಮನೆಗೆ ಬಂದವಳೇ ಪಟ್ಟಿ ಅಳಿಸಿದಳು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನಾನು ಇಪ್ಪತ್ತು ವರ್ಷ ಕೈಯಾಡಿಸಿದ ವಿಮಾನವನ್ನು ಹೊಗಳತೊಡಗಿದೆ. ಪುಟ್ಟದು, ಒಂದೇ ಎಂಜಿನ್, ಹಳೆಯದು ಅಗ್ಗಕ್ಕೆ ಸಿಗುತ್ತದೆ, ಕಣ್ಣು ಕಟ್ಟಿದರೂ ಬಿಚ್ಚಬಲ್ಲೆ. ಎರಡು ದಿನ ಸಹಿಸಿಕೊಂಡಳು.

ಮೂರನೆಯ ದಿನ ಕೇಳಿದಳು: "ತಾತ, ನಿಮ್ಮ ವಿಮಾನ ಈಗ ಯಾರು ಮಾಡ್ತಾರೆ?"

"ಯಾರೂ ಮಾಡಲ್ಲ."

"ಸ್ಪೇರು?"

ನಾನು ಕಾಫಿ ಲೋಟ ನೋಡಿದೆ.

"ಕೆಂಪು ಲಾರಿ!" ಎಂದು ಕೂಗಿದಳು. ಅಡುಗೆಮನೆಯಿಂದ ಹೆಂಡತಿ ಜೋರಾಗಿ ನಕ್ಕಳು. ಆ ದಿನ ನನ್ನ ವಾಕಿಂಗ್ ಇಪ್ಪತ್ತು ನಿಮಿಷ ತಡವಾಯಿತು.

ಸ್ಪರ್ಧೆಗೆ ಅವಳು ಒಯ್ದದ್ದು ಈಗಲೂ ತಯಾರಾಗುತ್ತಿರುವ, ಒಂದೇ ಎಂಜಿನ್ನಿನ ಹನ್ನೆರಡು ವಿಮಾನ. ಉಳಿದ ಹಣ ಇಂಧನಕ್ಕೆ, ಬಿಡಿಭಾಗಕ್ಕೆ, ಪೈಲಟ್ ತರಬೇತಿಗೆ.

ತೀರ್ಪುಗಾರ್ತಿ ಕೇಳಿದರು: "ಇನ್ನೊಂದು ತಂಡ ಇಪ್ಪತ್ತು ಹಳೆಯ ವಿಮಾನ ಕೊಂಡಿದೆ. ನಿಮ್ಮ ಹನ್ನೆರಡು ಸಾಕಾ?"

ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಪ್ರೇಕ್ಷಕರ ನಡುವೆ ಕೂತಿದ್ದ ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ.

"ಮೇಡಂ," ಎಂದಳು ಕೊನೆಗೆ, "ಆ ಇಪ್ಪತ್ತರಲ್ಲಿ ಬೆಳಿಗ್ಗೆ ಎಷ್ಟು ಗೇಟ್ ದಾಟ್ತವೆ?"

ಸಭಾಂಗಣವೆಲ್ಲ ನಕ್ಕಿತು, ತೀರ್ಪುಗಾರ್ತಿಯೂ. ಎರಡನೇ ಬಹುಮಾನ ಬಂತು. ಅವಳು ಅಳಲಿಲ್ಲ, ಕನ್ನಡಕ ಒರೆಸಿಕೊಂಡದ್ದು ನಾನು.

ಮನೆಗೆ ಬಂದು ಅವಳ ಕಾಗದಗಳನ್ನು ಜೋಡಿಸಿಡುವಾಗ ಕೊನೆಯ ಹಾಳೆ ನೋಡಿದೆ. ಅವಳ ಕಾಗದದ ದೇಶದ ವಾಯುನೆಲೆಯ ಹೆಬ್ಬಾಗಿಲ ಚಿತ್ರ. ಪಕ್ಕದ ಕಂಬದ ಮೇಲೆ ಮೂಗೆತ್ತಿ ನಿಂತ ನನ್ನ ಪುಟ್ಟ ವಿಮಾನ. ಕೆಳಗೆ ಬರೆದಿದ್ದಳು: "ಇದಕ್ಕೆ ಬಣ್ಣದ ಖರ್ಚು ಮಾತ್ರ. ಬಳಿಯುವುದು ತಾತ."