ಅಂಗುಲ ಮೊದಲೇ ನಿಲ್ಲುವ ಬೆತ್ತ

ಎಲಿಸಿಯೊ ಕಬಾಹುಗ್‌ನ ಬೆತ್ತ ಹನ್ನೊಂದು ವರ್ಷದಿಂದ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು: ಲೋಲೋ ಪೋರ್ಫಿರಿಯೊನ ಬಲಗೈ ಗೆಣ್ಣುಗಳಿಗಿಂತ ಒಂದು ಅಂಗುಲ ಮೊದಲು. ಗುರಿ ತಪ್ಪಿ ಹಾಗಾಗುತ್ತಿರಲಿಲ್ಲ. ಗುರಿ ತಪ್ಪುವವನಾಗಿದ್ದರೆ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅಕಸ್ಮಾತ್ತಾಗಿ ತಾಗಿರುತ್ತಿತ್ತು.

ಸ್ಟಾಕ್ಟನ್ ಊರಿನ ದಕ್ಷಿಣಕ್ಕೆ, ಹೆದ್ದಾರಿಯ ಮಗ್ಗುಲಲ್ಲಿ ಲೋಲೋನ ಮನೆ. ಅವನು ಯಾರ ಸ್ವಂತ ತಾತನೂ ಅಲ್ಲದೆ ಎಲ್ಲರಿಗೂ ಲೋಲೋ ಆಗಿದ್ದ. ಬೋಹೋಲ್ ದ್ವೀಪದಿಂದ ಹಡಗು ಹತ್ತಿ ಬಂದು, ನಲವತ್ತು ವರ್ಷ ಆಸ್ಪರಾಗಸ್ ಹೊಲಗಳಲ್ಲಿ ಸೊಂಟ ಬಗ್ಗಿಸಿದವನು. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಏಳೆಂಟು ಜನ ಅವನ ಗ್ಯಾರೇಜಿಗೆ ಬರುತ್ತಿದ್ದರು. ಕಾರು ಹೊರಗೆ, ಬೆತ್ತಗಳು ಒಳಗೆ. ಬಂದವರು ಮೊದಲು ಲೋಲೋನ ಬಲಗೈ ಹಿಡಿದು, ಬಾಗಿ, ತಮ್ಮ ಹಣೆಗೆ ಒತ್ತಿಕೊಳ್ಳಬೇಕು. ಆಮೇಲೆ ಬೆತ್ತ ಎತ್ತಿಕೊಂಡು ಅದೇ ಕೈಗೆ ಹೊಡೆಯಬೇಕು. ಎಸ್ಕ್ರೀಮಾ ಎಂಬ ಆ ಬೆತ್ತವರಸೆಯ ಸಾರವೇ ಅದು: ಆಯುಧ ಹಿಡಿದ ಕೈ ಕೆಟ್ಟರೆ ಆಳು ಕೆಟ್ಟ. ಉಳಿದವರು ಈ ಎರಡು ಕೆಲಸಗಳ ನಡುವೆ ಒಂದು ಉಸಿರು ತೆಗೆದುಕೊಂಡು ಮೊದಲನೆಯದನ್ನು ಮರೆಯುತ್ತಿದ್ದರು. ಎಲಿಸಿಯೊಗೆ ಅದು ಸಾಧ್ಯವಾಗಲಿಲ್ಲ. ಆ ಕೈಯ ಬಿಸಿ ಹಣೆಯಲ್ಲೇ ಉಳಿದುಬಿಡುತ್ತಿತ್ತು.

"ಸೊಳ್ಳೆ ಓಡಿಸ್ತಿದೀಯೇನೋ?" ಎನ್ನುತ್ತಿದ್ದ ಲೋಲೋ. "ಹಾಗೇ ಇನ್ನೊಂಚೂರು ಬೀಸು, ಸೆಖೆ ಆಗ್ತಿದೆ."

ಏಟು ತಾಗಿಸಿದವರಿಗೆ ಲೋಲೋ ತಾನೇ ಕಾಫಿ ಬಗ್ಗಿಸಿ ಕೊಡುತ್ತಿದ್ದ. ಎಲಿಸಿಯೊ ಹನ್ನೊಂದು ವರ್ಷ ತನ್ನ ಕಾಫಿಯನ್ನು ತಾನೇ ಬಗ್ಗಿಸಿಕೊಂಡ.

ವಾರದ ಉಳಿದ ದಿನ ಅವನಿಗೆ ಗೋದಾಮಿನಲ್ಲಿ ಕೆಲಸ. ಹತ್ತು ಗಂಟೆ ಹೊತ್ತು ಡಬ್ಬಗಳ ಮೇಲಿನ ಕಪ್ಪು ಗೆರೆಗಳಿಗೆ ಕೆಂಪು ಬೆಳಕು ಹಿಡಿಯಬೇಕು. ಯಂತ್ರ ಕೀಂ ಎಂದರೆ ಮುಂದಿನ ಡಬ್ಬ. ಆರು ವರ್ಷದಲ್ಲಿ ಅದು ಅವನೊಳಗೂ ಸೇರಿಕೊಂಡಿತ್ತು. ಒಳ್ಳೆಯದಾದರೂ ಕೆಟ್ಟದ್ದಾದರೂ ಒಳಗೆ ಒಂದು ಕೀಂ, ಆಮೇಲೆ ಮುಂದಿನದು. ತಂಗಿಯ ಮದುವೆಯಲ್ಲಿ ಎಲ್ಲರೂ ಅಳುತ್ತಿದ್ದಾರೆಂದು ತಾನೂ ಪ್ರಯತ್ನಪಟ್ಟು, ಕೊನೆಗೆ ಆಕಳಿಸಿದ್ದ. ಆ ಫೋಟೊ ಈಗಲೂ ತಂಗಿಯ ಮನೆಯ ಗೋಡೆಯ ಮೇಲಿದೆ.

ಕಳೆದ ಚಳಿಗಾಲದಲ್ಲಿ ಲೋಲೋಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು. ಬಲಗೈಯೂ ಬೆತ್ತ ಹಿಡಿಯುವಷ್ಟು ಆಡತೊಡಗಿತು. ಆದರೆ ಅದಕ್ಕೆ ಸ್ಪರ್ಶ ಹೋಗಿಬಿಟ್ಟಿತ್ತು; ಬಿಸಿ ಪಾತ್ರೆ ಮುಟ್ಟಿದರೂ ವಾಸನೆ ಬಂದ ಮೇಲೆ ಗೊತ್ತಾಗುತ್ತಿತ್ತು.

ಈಸ್ಟರಿಗೆ ಮೊದಲಿನ ಉಪವಾಸದ ಕಾಲದ ಒಂದು ಭಾನುವಾರ ಊಟದ ಮೇಜಿನಲ್ಲಿ ಲೋಲೋ ಎಲಿಸಿಯೊನ ಹತ್ತಿರ ಮಾತು ತೆಗೆದ. ಏಟಿನ ಜೊತೆಗೆ ಕಿವಿಯಲ್ಲಿ ಹೇಳುವ ಒಂದು ಪ್ರಾರ್ಥನೆಯಿದೆ. ಅದನ್ನು ಗುಡ್ ಫ್ರೈಡೆಯ ದಿನ ಮಾತ್ರ ಕೊಡಬೇಕು, ಒಬ್ಬನಿಗೆ ಮಾತ್ರ ಕೊಡಬೇಕು, ಗುರುವಿನ ಕೈಗೆ ಹೊಡೆದವನಿಗೆ ಮಾತ್ರ ಕೊಡಬೇಕು. ಅದು ಸಿಕ್ಕವನೇ ಮುಂದೆ ಕಲಿಸುವವನು.

"ಮುಂದಿನ ಗುಡ್ ಫ್ರೈಡೆಗೆ ನಾನಿರಲ್ಲ ಕಣೋ. ಈ ಸಲ ನೀನು ಹೊಡೀಬೇಕು. ಇಲ್ದಿದ್ರೆ ಅದು ನನ್ನ ಜೊತೆ ಮಣ್ಣಿಗೆ, ಗ್ಯಾರೇಜಿಗೆ ಕಾರು."

"ಬೇರೆಯವರು ಹೊಡೆದಿದಾರಲ್ಲ ಲೋಲೋ. ಅವರಿಗೆ ಕೊಡಿ."

"ಅವರಿಗೆ ಹೊಡೆಯೋದು ಸುಲಭ. ಸುಲಭ ಇರೋನ ಕೈಗೆ ಇದನ್ನ ಕೊಟ್ಟು ನಾನು ಮೇಲೆ ಹೋಗಿ ಏನಂತ ಹೇಳ್ಲಿ?"

ಲೋಲೋನ ಮಗಳು ತೀತಾ ಮೆಲ್ಚೋರಾ ಸೌಟು ಹಿಡಿದು ಅಡುಗೆಮನೆಯಿಂದ ಬಂದಳು. ವೃದ್ಧರ ಆರೈಕೆ ಕೇಂದ್ರದಲ್ಲಿ ಇಪ್ಪತ್ತೈದು ವರ್ಷ ನರ್ಸು. ಎಲಿಸಿಯೊಗೆ ಅತ್ತೆಯಿದ್ದ ಹಾಗೆ.

"ಅಪ್ಪ ರಕ್ತ ತೆಳು ಮಾಡೋ ಮಾತ್ರೆ ತಗೋತಿದಾರೆ. ಒಂದೇಟು ಬಿದ್ರೆ ಕೈಯೆಲ್ಲ ಕಪ್ಪು. ಅದೂ ಗುಡ್ ಫ್ರೈಡೆ ದಿನ! ಅವತ್ತಿನ ಗಾಯ ಮಾಯಲ್ಲ ಅಂತ ಇವರೇ ನಂಗೆ ಸೂಜಿ ಮುಟ್ಟೋಕೂ ಬಿಡ್ತಿರಲಿಲ್ಲ."

"ಮಾಯಬಾರದು ಅಂತಾನೇ ಅವತ್ತು," ಎಂದ ಲೋಲೋ.

"ನಾನು ಹೊಡೆಯಲ್ಲ ತೀತಾ," ಎಂದ ಎಲಿಸಿಯೊ.

"ಅದು ಊರಿಗೇ ಗೊತ್ತು," ಎಂದು ಲೋಲೋ ಅನ್ನ ಕಲಸಿಕೊಂಡ.

ಗುಡ್ ಫ್ರೈಡೆ ಬಂತು. ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆ ಮುಗಿಸಿ ಎಲ್ಲರೂ ಗ್ಯಾರೇಜಿಗೆ ಬಂದರು. ಅಡುಗೆಮನೆಯಲ್ಲಿ ತೆಂಗಿನ ಹಾಲಿನಲ್ಲಿ ಗೆಣಸು, ಬಾಳೆಹಣ್ಣು ಬೇಯುತ್ತಿತ್ತು. ಗೋದಾಮಿನಲ್ಲಿ ರಜೆ ಕೇಳುವಾಗ ಎಲಿಸಿಯೊ ಕಾರಣದ ಜಾಗದಲ್ಲಿ ‘ಕುಟುಂಬದ ಕೆಲಸ’ ಎಂದು ಬರೆದಿದ್ದ. ಮುದುಕನ ಕೈ ಮುರಿಯುವುದಕ್ಕೆ ಅಲ್ಲಿ ಬೇರೆ ಕಲಮು ಇರಲಿಲ್ಲ.

ಅವನು ಲೋಲೋನ ಕೈಯನ್ನು ಹಣೆಗೆ ಒತ್ತಿಕೊಂಡ. ಕೈ ಈಗ ತಣ್ಣಗಿತ್ತು. ಬೆತ್ತ ಎತ್ತಿದ. ಲೋಲೋ ತನ್ನ ಬೆತ್ತವನ್ನು ಮುಂದೆ ಚಾಚಿ ನಿಂತ. ಮೊದಲ ಬೀಸು ಅಂಗುಲ ಮೊದಲೇ ನಿಂತಿತು. ಎರಡನೆಯದೂ ಅಲ್ಲೇ. ಮೂರನೆಯದಕ್ಕೆ ಗಾಳಿ ಮಾತ್ರ ಸುಂಯ್ ಎಂದಿತು.

ಲೋಲೋ ತನ್ನ ಕೈಯನ್ನು ಪೊರೆ ಬಂದ ಕಣ್ಣಿನ ಹತ್ತಿರ ತಂದು ನೋಡಿದ.

"ತಾಗ್ತೇನೋ? ನಂಗೆ ಗೊತ್ತಾಗಲಿಲ್ಲ."

ಬಾಗಿಲಲ್ಲಿ ನಿಂತಿದ್ದ ತೀತಾ ಎಲಿಸಿಯೊನ ಮುಖವನ್ನೇ ನೋಡುತ್ತ, ಹೂಂ ಅನ್ನು ಎಂದು ತಲೆಯಾಡಿಸಿದಳು.

"ಹೂಂ," ಎಂದ ಎಲಿಸಿಯೊ. "ತಾಗ್ತು."

ಲೋಲೋನ ಮುಖ ಅರಳಿತು. ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ, ಎಡಗೈಯಿಂದ ಎಲಿಸಿಯೊನ ಕತ್ತು ಬಗ್ಗಿಸಿ, ಕಿವಿಯ ಹತ್ತಿರ ಬಾಯಿ ತಂದ. ತಂಬಾಕಿನ ವಾಸನೆ ಬಂತು. ಒಳಗೆ ಕೀಂ ಎನ್ನುವುದನ್ನು ಎಲಿಸಿಯೊ ಕಾದ. ಅವತ್ತು ಅದೂ ಬರಲಿಲ್ಲ.

"ಇಲ್ಲ ಲೋಲೋ. ತಾಗಿಲ್ಲ. ಬೆತ್ತ ಹಿಡೀರಿ."

"ಎಲಿಸಿಯೊ!" ಎಂದಳು ತೀತಾ.

ಹಸಿ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಲೋಲೋನ ಬೆತ್ತ ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿತು. ಲೋಲೋ ಕೈ ನೋಡಿಕೊಳ್ಳಲೇ ಇಲ್ಲ, ಎಲಿಸಿಯೊನ ಮುಖ ನೋಡಿದ.

"ಓ. ಈಗ ಬಿತ್ತು," ಎಂದ.

ಪ್ರಾರ್ಥನೆಯಲ್ಲಿ ಇದ್ದದ್ದು ಏಳೇ ಪದ. ಇಷ್ಟಕ್ಕಾ ಹನ್ನೊಂದು ವರ್ಷ ಎಂದು ಎಲಿಸಿಯೊಗೆ ಅನ್ನಿಸದೆ ಇರಲಿಲ್ಲ.

ಈಸ್ಟರ್ ಹೊತ್ತಿಗೆ ಕೈ ಮೊಣಕೈವರೆಗೆ ಕಪ್ಪಾಯಿತು. ಎಲುಬು ಬಿರುಕು ಬಿಟ್ಟಿರಲಿಲ್ಲ. ಬಣ್ಣ ಕಪ್ಪಿನಿಂದ ನೇರಳೆಗೆ ತಿರುಗಿತು, ಗೆಣ್ಣುಗಳ ಮೇಲಂತೂ ಹೋಗಲೇ ಇಲ್ಲ. ಲೋಲೋ ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಿ, ಮೀನಿನ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಬೇಕೆಂದೇ ತೋಳು ಮಡಚುತ್ತಿದ್ದ. "ನಮ್ಮ ಹುಡುಗ ಹೊಡೆದಿದ್ದು," ಎನ್ನುತ್ತಿದ್ದ, ಮೊಮ್ಮಗ ಡಾಕ್ಟರಾದನೆಂದು ಹೇಳುವವರ ಹಾಗೆ. ತೀತಾ ಎಲಿಸಿಯೊ ಜೊತೆ ಮಾತು ಬಿಟ್ಟಳು. ಅವನ ತಟ್ಟೆಯನ್ನು ಮಾತ್ರ ಮೇಜಿನ ಮೇಲೆ ಟಣ್ಣೆಂದು ಇಡುತ್ತಿದ್ದಳು.

ಆಗಸ್ಟಿನಲ್ಲಿ ಲೋಲೋ ನಿದ್ದೆಯಲ್ಲೇ ತೀರಿಕೊಂಡ. ಹೃದಯ ನಿಂತದ್ದು, ಕೈಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು, ತೀತಾ ಅದನ್ನು ಎರಡು ಸಲ ಕೇಳಿ ತಿಳಿದುಕೊಂಡಳು. ಹೆಣಕ್ಕೆ ಶೃಂಗಾರ ಮಾಡುವವನು ಗೆಣ್ಣುಗಳ ಮೇಲೆ ಪೌಡರು ಹಚ್ಚಲು ಬಂದಾಗ ಅವಳೇ ತಡೆದಳು. "ಅದು ಹಾಗೇ ಇರ್ಲಿ." ನೇರಳೆ ಬೆರಳುಗಳ ಸುತ್ತ ಜಪಸರ ಸುತ್ತಿದರು. ಎಲಿಸಿಯೊ ಬಾಗಿ ಆ ಕೈಗೆ ಹಣೆ ಮುಟ್ಟಿಸಿದ. ಕೀಂ. ಹಿಂದಿನವರು ಕಾಯುತ್ತಿದ್ದರು, ಸರಿದ. ಸಾವು ಬೆನ್ನು ಹತ್ತಿ ಮನೆಗೆ ಬರಬಾರದೆಂದು, ತಮ್ಮವರ ಪದ್ಧತಿಯಂತೆ, ದಾರಿಯಲ್ಲಿ ಒಂದು ಅಂಗಡಿಗೆ ನುಗ್ಗಿ, ಹಸಿವಿಲ್ಲದೆ ಎರಡು ಡೋನಟ್ ತಿಂದ.

ನಲವತ್ತನೆಯ ದಿನದ ಪ್ರಾರ್ಥನೆ ಕಳೆದ ಮೇಲಿನ ಭಾನುವಾರ ಗ್ಯಾರೇಜಿಗೆ ಹೋದ. ಒಳಗೆ ಕಾರಿರುತ್ತದೆ ಎಂದುಕೊಂಡಿದ್ದ. ಕಾರು ಹೊರಗಿತ್ತು, ಕಾಫಿ ಕಾಯುತ್ತಿತ್ತು. ಐದು ಜನ ಬಂದರು. ಎಲ್ಲರ ಬೆತ್ತವೂ ಅವನ ಕೈಗಿಂತ ಅಂಗುಲ ಮೊದಲೇ ನಿಂತಿತು, ಹೊಸ ಗುರುವಿಗೆ ಗೌರವ ಕೊಡುತ್ತಿದ್ದರು ಪಾಪ. ಇದನ್ನು ಸಹಿಸುವುದು ಎಷ್ಟು ಬೇಸರದ ಕೆಲಸವೆಂದು ಅವನಿಗೆ ಆಗ ಗೊತ್ತಾಯಿತು.

ಆಗ ತೀತಾ ಮೆಲ್ಚೋರಾ ಒಳಗಿನಿಂದ ಬಂದಳು. ಜನ್ಮದಲ್ಲಿ ಬೆತ್ತ ಹಿಡಿದವಳಲ್ಲ. ಗೋಡೆಗೆ ಒರಗಿಸಿದ್ದ ಅಪ್ಪನ ಬೆತ್ತವನ್ನು ಎತ್ತಿಕೊಂಡಳು.

"ಕೈ ಚಾಚು."

ಅವನು ಚಾಚಿದ. ಅವಳು ನಿಲ್ಲಿಸಲಿಲ್ಲ.

ನೋವು ಬೆರಳಿನಿಂದ ಹೊರಟು ಹಲ್ಲಿನವರೆಗೆ ಬಂತು. ಕಣ್ಣಲ್ಲಿ ನೀರು ಬಂತು, ಆಕಳಿಕೆಯದಲ್ಲ.

"ಇದು ಅಪ್ಪನ ಕೈಗೆ," ಎಂದಳು ತೀತಾ. ಆರು ತಿಂಗಳಲ್ಲಿ ಎರಡನೆಯ ಮಾತು.

ಎಲಿಸಿಯೊ ಎಡಗೈಯಿಂದ ಲೋಟ ಎತ್ತಿಕೊಂಡು, ಅರ್ಧ ಚೆಲ್ಲುತ್ತ, ಕಾಫಿ ಬಗ್ಗಿಸಿದ.

"ಸಕ್ಕರೆ ಎಷ್ಟು ತೀತಾ?"