ತುಂಟರು ಹರಿದ ಬಟ್ಟೆ

ನಮ್ಮ ಕೊಪ್ಪದಲ್ಲಿ ಬಾಣಂತಿಯರಿರುವ ಮನೆಗೆಲ್ಲ ಹಳೆ ಬಟ್ಟೆಯ ತುಂಡು ಕೂಡಿಸಿ ಬೊಂತೆ ಹೊಲಿದುಕೊಡುವ ಚಿಕ್ಕನಂಜಮ್ಮನಿಗೆ ಸಿಕ್ಕಿದ ಬಟ್ಟೆಯೆಲ್ಲ ಆಗದು. ದರ್ಜಿ ಪುಕ್ಕಟೆ ಕೊಟ್ಟ ಹೊಸ ತುಂಡನ್ನು ಮೂಸಿಯೂ ನೋಡಳು. ತುಂಟ ಮಕ್ಕಳು ಹರಿದುಕೊಂಡದ್ದೇ ಬೇಕು. ಹೊಸ ನಾಲೆಯ ಏರಿಯಿಂದ ಜಾರಿ ಚಡ್ಡಿ ಹರಿದುಕೊಂಡವನು ಅವ್ವನಿಗೆ ಹೆದರಿ ಅಡಗಿದರೆ, ಇವಳು ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಂಡು ಓಡಿಬರುತ್ತಾಳೆ: "ಬಿಚ್ಲಾ ಮೂದೇವಿ, ಇನ್ನೊಸಿ ಅರ್ಕೊಂಡಿದ್ರೆ ನಿಮ್ಮಪ್ಪನ ಗಂಟೇನ್ ಓಗ್ತಿತ್ತು?" ಅಂಥ ಬಟ್ಟೆಯ ಮೇಲೆ ಮಲಗಿದ ಕೂಸು ಆ ತುಂಟರಂತೆಯೇ ಕುಣಿದು ಬೆಳೆಯುತ್ತದೆ ಎಂಬುದು ಅವಳ ನಂಬಿಕೆ. ಪಕ್ಕದ ಮನೆಯ ಪುಟ್ಟತಾಯಿಗೆ ಎರಡು ಕೂಸು ಹುಟ್ಟಿ ತೀರಿಹೋಗಿದ್ದವು. ಮೂರನೆಯದು ಹುಟ್ಟಿದಾಗ ಚಿಕ್ಕನಂಜಮ್ಮ, ನಮ್ಮೂರ ತುಂಟರು ಸಾಲರೆಂದು ಮದ್ದೂರಿನವರೆಗೂ ನಡೆದು ಬಟ್ಟೆ ಬೇಡಿ ತಂದಳು. ಆ ಬೊಂತೆಯ ಮೇಲೆ ಮಲಗಿಸಿದ ಮಗನನ್ನು ಪುಟ್ಟತಾಯಿ ಗಟ್ಟಿಯಾಗಿ ಕರೆಯಲೂ ಹೆದರುತ್ತಿದ್ದಳು, ಎಲ್ಲಿ ಇದೂ ಕೈಬಿಟ್ಟು ಹೋದೀತೋ ಎಂದು. ಮೊನ್ನೆ ಆ ಕೂಸು ಅಂಬೆಗಾಲಿಟ್ಟು ಕೊಟ್ಟಿಗೆಗೆ ಹೋಗಿ ಸಗಣಿಗೆ ಎರಡೂ ಕೈ ಹಾಕಿತು. "ಲೇ ಮುಂಡೇದೇ, ಬಾರ್ಲಾ ಇತ್ತ!" ಎಂದು ಪುಟ್ಟತಾಯಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಜಗಲಿಯಲ್ಲಿ ಹೊಲಿಯುತ್ತಿದ್ದ ಚಿಕ್ಕನಂಜಮ್ಮ ಕಣ್ಣು ಒರೆಸಿಕೊಂಡು ನಕ್ಕಳು: "ಬಯ್ಯಿ ಕಣವ್ವ, ಚೆಂದಾಗ್ ಬಯ್ಯಿ! ಇನ್ಮ್ಯಾಕೆ ದಿನಾ ನಿಂಗಿದೇ ಕ್ಯಾಮೆ."