ಗದ್ದ ಊರದ ಪಿಟೀಲು

ನಮ್ಮ ಮಾಸ್ತರರ ಎಡ ದವಡೆಯ ಕೆಳಗೆ ರೂಪಾಯಿಯಗಲದ ಒಂದು ಕಂದು ಕಲೆ ಇತ್ತು. ಸುಟ್ಟ ಗಾಯವೇ ಎಂದು ಹೊಸಬರು ಕೇಳುತ್ತಿದ್ದರು. ಪಿಟೀಲನ್ನು ಗದ್ದ ಮತ್ತು ಭುಜದ ನಡುವೆ ಒತ್ತಿ ಹಿಡಿದು ಹಿಡಿದು ಆದದ್ದು ಅದು. ನನಗೂ ಇದೆ; ಮದುವೆಯ ದಿನ ಪೌಡರ್ ಬಳಿದು ಮುಚ್ಚಿದ್ದರು.

ಗದಗಿನ ಕಡೆಯ ಕ್ರೈಸ್ತ ಮನೆತನ ಅವರದು. ರೈಲ್ವೆ ನೌಕರಿಗೆಂದು ಸಿಕಂದರಾಬಾದಿಗೆ ಬಂದವರು ಚರ್ಚಿನಲ್ಲಿ ಬಾರಿಸುತ್ತ, ನಮ್ಮಂಥವರಿಗೆ ಪಾಶ್ಚಾತ್ಯ ಪಿಟೀಲು ಕಲಿಸುತ್ತ ಅಲ್ಲೇ ಉಳಿದರು. ಪಾಠದುದ್ದಕ್ಕೂ ಒಂದೇ ಮಾತು: "ಗದ್ದ ಒತ್ತು, ತಂಗಿ." ನಿವೃತ್ತಿಯಾದ ಮೇಲೆ ಭುಜ ಕೈಕೊಟ್ಟಿತು. ಪಿಟೀಲು ಬಿಟ್ಟುಬಿಡಿ ಎಂದರು ಡಾಕ್ಟರು.

ಬಿಡಬೇಕಲ್ಲ ಆ ಪುಣ್ಯಾತ್ಮ! ಮುನ್ನೂರು ವರ್ಷಗಳ ಹಿಂದೆ, ಬರೋಕ್ ಕಾಲದ ಯುರೋಪಿನಲ್ಲಿ, ಗದ್ದ ಊರದೆ ಪಿಟೀಲನ್ನು ಎದೆಯ ಮೇಲ್ಗಡೆ ಸುಮ್ಮನೆ ಒರಗಿಸಿಕೊಂಡು ಬಾರಿಸುತ್ತಿದ್ದರೆಂದು ಯಾವುದೋ ವಿಡಿಯೋದಲ್ಲಿ ನೋಡಿದರು. ಆ ಕಾಲದ ಮಾದರಿಯ ಎರಡು ಪಿಟೀಲು, ಗಿಡ್ಡ ಕಮಾನು, ಕುರಿಯ ಕರುಳಿನ ತಂತಿ ತರಿಸಿ ನನ್ನನ್ನು ಕರೆದರು.

"ನಾ ಇಷ್ಟ ವರ್ಷ ಹೇಳಿಕೊಟ್ಟದ್ದು ಮರತಬಿಡು, ತಂಗಿ. ನಾನೂ ಮರಿಯಾಕತ್ತೀನಿ. ಭಾಳ ತ್ರಾಸ ಐತಿ."

ತ್ರಾಸವೆಂದರೆ ತ್ರಾಸ. ವಾರವಿಡೀ ಊರಿನ ಆ ತುದಿಯ ಗಚ್ಚಿಬೌಲಿ ಕಡೆಯ ಮದುವೆಗಳಲ್ಲಿ ಸಿನಿಮಾ ಹಾಡು ಬಾರಿಸಿ ಸೊಂಟ ಬಿದ್ದುಹೋಗಿರುತ್ತಿತ್ತು. ಭಾನುವಾರ ಅವರ ಮನೆ ಮುಟ್ಟುವಷ್ಟರಲ್ಲಿ ಸಾಕುಸಾಕು. ಅಲ್ಲಿ ನೋಡಿದರೆ ಈ ತಂತಿಗಳು: ಫ್ಯಾನ್ ಹಾಕಿದರೆ ಒಂದು ಶ್ರುತಿ, ಆರಿಸಿದರೆ ಇನ್ನೊಂದು. "ಕುರಿ ಸತ್ತರೂ ಹಟ ಬಿಟ್ಟಿಲ್ಲ ನೋಡು" ಎನ್ನುತ್ತ ಮಾಸ್ತರರು ಬಿರಡೆ ತಿರುಗಿಸುತ್ತಿದ್ದರು. ಎತ್ತರದ ಸ್ವರದಿಂದ ಎಡಗೈ ಕೆಳಗಿಳಿದರೆ ಪಿಟೀಲೂ ಅದರ ಹಿಂದೆಯೇ ಜಾರುತ್ತಿತ್ತು. ಗಾಬರಿಯಲ್ಲಿ ಇಬ್ಬರ ಗದ್ದವೂ ತಾನಾಗಿ ಒತ್ತಿಬಿಡುತ್ತಿತ್ತು. ನನಗೇನೂ ಆಗುತ್ತಿರಲಿಲ್ಲ, ಅವರು ಭುಜ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಎರಡೇ ಪಿಟೀಲಿಗೆಂದು ಬರೆದ, ಸೊನಾಟಾ ಎಂಬ ಬಗೆಯ ಒಂದು ಕೃತಿ ಎತ್ತಿಕೊಂಡೆವು. ಅದೊಂದನ್ನು ಜನರೆದುರು ಕೊನೆಯವರೆಗೆ ಬಾರಿಸಬೇಕು, ಅವರಿಗಿದ್ದ ಆಸೆ ಅಷ್ಟೇ. ಎತ್ತರದ ಸ್ವರಗಳಿರುವ ಮೇಲಿನ ಸಾಲು ಅವರದು, ಕೆಳಗಿನದು ನನ್ನದು. ಆದರೂ ಇಬ್ಬರೂ ಎರಡನ್ನೂ ಕಲಿಯಬೇಕೆಂದು ಹಟ ಹಿಡಿದರು. "ಈ ಭುಜದ ಮ್ಯಾಲ ನನಗ ಭರೋಸಾ ಇಲ್ಲ."

ಚರ್ಚಿನ ಹಾಲ್‌ನಲ್ಲಿ ಕಾರ್ಯಕ್ರಮವಾಯಿತು. ಎರಡನೆಯ ಭಾಗದ ಓಟದಲ್ಲಿ ಅವರ ಗದ್ದ ಪಿಟೀಲಿನ ಮೇಲೆ ಊರಿದ್ದು ಕಂಡಿತು. ಮುಖ ಬಿಳಿಚಿಕೊಂಡು ಪಿಸುಗುಟ್ಟಿದರು: "ಮ್ಯಾಲಿಂದು ನೀ ತಗೊ." ತಾವು ಕೆಳಗಿನ ಸಾಲು ಹಿಡಿದರು. ಅದರಲ್ಲಿ ಕೈ ಎತ್ತರಕ್ಕೆ ಏರಬೇಕಿಲ್ಲ, ಗದ್ದದ ಹಂಗಿಲ್ಲ. ಹಾಗೇ ಮುಗಿಸಿದೆವು. ಜನರಿಗೆ ಏನೂ ಗೊತ್ತಾಗಲಿಲ್ಲ, ಚಪ್ಪಾಳೆ ತಟ್ಟಿದರು.

ಹೊರಗೆ ಬಂದವರೇ, "ಸಾಕಾತು, ತಂಗಿ. ನನ್ನ ಪಿಟೀಲಿಂದು ಮುಗೀತು" ಎಂದರು. ಭಾನುವಾರಗಳೂ ನಿಂತವು. ಮತ್ತೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ಈ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ "ಏನರ ಬಾರಿಸವಾ" ಎಂದರು. ಅವರ ಪಿಟೀಲನ್ನೇ ತೆಗೆದುಕೊಂಡು ಆ ಸೊನಾಟಾದ ಮೇಲಿನ ಸಾಲು ಶುರು ಮಾಡಿದೆ.

"ಇದು ಮೊದಲ ಬಾರಿಸತಿದ್ದದ್ದು. ಆ ಕಾರ್ಯಕ್ರಮ ಆದಮ್ಯಾಲ ದಿನಾ ಮುಂಜಾನೆ ಬಾರಿಸತಿದ್ರಲ್ಲ, ಅದನ್ನ ಬಾರಿಸು."

"ದಿನಾ ಬಾರಿಸತಿದ್ರಾ?"

"ಮತ್ತ? ದವಾಖಾನಿಗೆ ಹೋಗೂ ದಿನಾನೂ ಬಾರಿಸ್ಯಾರ. ನಡುನಡುವ ಸುಮ್ಮನ ನಿಂತುಬಿಡ್ತಿದ್ರು. ಯಾಕ ನಿಂತ್ರಿ ಅಂದ್ರ, 'ತಡಿ, ತಂಗೀದು ನಡದೈತಿ' ಅಂತಿದ್ರು."

ಅಳು ತಡೆಯಲಾಗಲಿಲ್ಲ. ಮುಖ ಒರೆಸಿಕೊಂಡು ಕೆಳಗಿನ ಸಾಲು ಬಾರಿಸಿದೆ. ನಿಲ್ಲುವ ಜಾಗ ಬಂದಾಗಲೆಲ್ಲ ನಿಂತು, ಮೇಲಿನದನ್ನು ಅವರಿಗೇ ಬಿಟ್ಟೆ.